ಮೊಮ್ಮಗನ ಬೇಸ್ ಗಿಟಾರು

ತನ್ನ ಫೆಂಡರ್ ಪ್ರಿಸಿಷನ್ ಬೇಸ್ ಗಿಟಾರನ್ನು ಗೆಳೆಯನ ಜಾಝ್ ಬೇಸ್‌ನೊಡನೆ ಅದಲುಬದಲು ಮಾಡಿಕೊಳ್ಳಲೇ ಎಂದು ಮೊಮ್ಮಗ ಕೇಳಿದ್ದಾನೆ. ಮೊದಲನೆಯದು 1951ರಲ್ಲಿ ಬಂದ ಮಾದರಿ, ಎರಡನೆಯದು 1960ರದು. ಎರಡರಲ್ಲೂ ನಾಲ್ಕೇ ತಂತಿ, 34 ಅಂಗುಲದ ಅಳತೆ. ಆದರೆ ಜಾಝ್ ಬೇಸ್‌ನ ಕುತ್ತಿಗೆ ಮೇಲ್ತುದಿಯಲ್ಲಿ ಸಪೂರ. ಇವನ ಬೆರಳುಗಳೋ ನನ್ನವುಗಳಂತೆ ಗಿಡ್ಡ.

ಹಳೆಯದನ್ನು ಕೊಡಿಸಿದ್ದು ಅಳಿಯಂದಿರು. ಅವರೀಗ ಇಲ್ಲ. ಕೊಡಕೂಡದೆನ್ನುತ್ತಾಳೆ ಮಗಳು, ಅವಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಕೈ ನೋಯುವುದೇ ಕಾರಣವಾದರೆ ಕೊಡಲಿ ಎಂಬುದೇ ನನ್ನ ಅಭಿಪ್ರಾಯ. ಮಗ ನುಡಿಸಲಿ ಎಂದಲ್ಲವೇ ಅವರು ಕೊಡಿಸಿದ್ದು? ನಾದ ಮಂಕಾಗಿದೆಯೆಂಬುದಷ್ಟೇ ದೂರಾದರೆ, ಹೊಸ ತಂತಿ ಹಾಕಿ ಒಂದು ತಿಂಗಳು ನುಡಿಸಿ ನೋಡಲಿ. (ನಾನೂ ಒಮ್ಮೆ ವೀಣೆಯನ್ನು ದೂರಿದ್ದೆ, ತುಕ್ಕು ಹಿಡಿದಿದ್ದುದು ತಂತಿಗೆ.)

ತಂತಿಯ ಹಣ ಕಳುಹಿಸಿದ್ದೇನೆ. ಮಗಳಿಗೆ ಇನ್ನೂ ಹೇಳಿಲ್ಲ.