ಹಿಮದ ಹಾದಿಯ ಬೈಸಿಕಲ್ಲು

ಮಾಗಿಯ ಚಳಿ ಬಂತೆಂದರೆ ಬೆಂಗಳೂರಿನ ಮುಂಜಾವಿನಲ್ಲಿ ಮಂಕಿ ಟೋಪಿಗಳ ಮೆರವಣಿಗೆ ಹೊರಡುತ್ತದೆ. ಹಾಲು ಹಾಕುವವನು, ಪತ್ರಿಕೆ ಹಂಚುವ ಹುಡುಗ, ವಾಯುಸೇವನೆಗೆ ಹೊರಟ ನಿವೃತ್ತ ಗೃಹಸ್ಥರು, ಎಲ್ಲರ ಕೊರಳಿಗೂ ಉಣ್ಣೆಯ ಮಫ್ಲರು. “ಏನು ಚಳಿ ಸ್ವಾಮಿ ಈ ವರ್ಷ!” ಎಂಬ ಉದ್ಗಾರ ಪ್ರತಿ ವರ್ಷವೂ ಕೇಳಿಬರುವಂಥದೇ. ಈ ಊರಿನ ಉಷ್ಣಮಾಪಕ ದಾಖಲಿಸಿರುವ ಅತ್ಯಂತ ಶೀತಲ ದಿನ ೧೮೮೪ರ ಜನವರಿ ೧೩. ಅಂದು ಪಾದರಸ ಇಳಿದದ್ದು ೭.೮ ಡಿಗ್ರಿ ಸೆಂಟಿಗ್ರೇಡಿಗೆ. ನೀರು ಹೆಪ್ಪುಗಟ್ಟಬೇಕಾದರೆ ಅಲ್ಲಿಂದ ಇನ್ನೂ ಏಳೆಂಟು ಮೆಟ್ಟಿಲು ಕೆಳಗಿಳಿಯಬೇಕು. ಆ ಮೆಟ್ಟಿಲುಗಳನ್ನೆಲ್ಲ ಇಳಿದು, ಸೊನ್ನೆಯನ್ನು ದಾಟಿ, ಅದರ ಕೆಳಗೂ ಹತ್ತು ಹದಿನೈದು ಮೆಟ್ಟಿಲು ಹೋದಾಗ ಎದುರಾಗುವ ಊರೊಂದರಲ್ಲಿ, ಜನರು ದಿನವೂ ಬೈಸಿಕಲ್ ತುಳಿದುಕೊಂಡು ಕಚೇರಿಗೆ ಹೋಗುವರೆಂದರೆ ನಮ್ಮ ಮಫ್ಲರಿನ ಗೃಹಸ್ಥರು ನಂಬುವರೋ ಇಲ್ಲವೋ!

ಆ ಊರು ಫಿನ್‌ಲೆಂಡಿನ ಔಲು. ಬಾತ್ನಿಯಾ ಕೊಲ್ಲಿಯ ದಡದಲ್ಲಿ, ೬೫ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ನಗರದಿಂದ ಧ್ರುವವೃತ್ತ ಇನ್ನೂರು ಕಿಲೋಮೀಟರೂ ದೂರವಿಲ್ಲ. ಜನಸಂಖ್ಯೆ ಎರಡು ಲಕ್ಷಕ್ಕೆ ತುಸು ಮೇಲೆ. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಸೂರ್ಯ ಉದಯಿಸುವುದು ಬೆಳಗಿನ ಹತ್ತೂವರೆಗೆ. ಮಧ್ಯಾಹ್ನ ಎರಡು ಹೊಡೆಯುವುದರೊಳಗೆ ಅವನ ಸವಾರಿ ಅಸ್ತಗಿರಿಯ ಬಾಗಿಲಲ್ಲಿರುತ್ತದೆ. ಜನವರಿಯ ಸರಾಸರಿ ಉಷ್ಣಮಾನ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಆಸುಪಾಸು. ಇಂಥ ಊರಿನಲ್ಲಿ ವರ್ಷದ ಒಟ್ಟು ಪ್ರಯಾಣಗಳಲ್ಲಿ ಸುಮಾರು ಐದರಲ್ಲೊಂದು ನಡೆಯುವುದು ಬೈಸಿಕಲ್ಲಿನ ಮೇಲೆ. ನಡುಚಳಿಗಾಲದಲ್ಲಿಯೂ ಆ ಪಾಲು ಹತ್ತರಲ್ಲೊಂದಕ್ಕೆ ಕಡಿಮೆಯಾಗದು. ಅಲ್ಲಿನ ಮೆತ್ಸೊಕಾಂಗಸ್ ಎಂಬ ಬಡಾವಣೆಯ ಶಾಲೆಯಲ್ಲಿ ಸುಮಾರು ೧೨೦೦ ಮಕ್ಕಳಿದ್ದರೆ, ಹಿಮ ಬಿದ್ದ ದಿನವೂ ಅವರಲ್ಲಿ ಸಾವಿರದಷ್ಟು ಮಂದಿ ಬರುವುದು ಸೈಕಲ್ ತುಳಿದು. ಶಾಲೆಯ ಮುಂದೆ ಹಿಮ ಹೊದ್ದು ಸಾಲುಗಟ್ಟಿ ನಿಂತ ಸೈಕಲ್ಲುಗಳ ಚಿತ್ರವನ್ನು ಕಂಡು ಲೋಕವೆಲ್ಲ ಬೆರಗಾದಾಗ, ಇದರಲ್ಲೇನು ವಿಶೇಷವೆಂದು ಆ ಊರಿನವರು ಬೆರಗಾದರಂತೆ!

ಅಲ್ಲಿನವರ ಮೈ ಕಬ್ಬಿಣದ್ದಿರಬೇಕೆಂದು ತೋರಬಹುದು. ಹಾಗೇನೂ ಇಲ್ಲ. ಸೊನ್ನೆಯ ಕೆಳಗೆ ಹತ್ತು ಡಿಗ್ರಿಯಿರುವ ದಿನ ಗಂಟೆಗೆ ೨೦ ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರನ ಮುಖಕ್ಕೆ ಬಡಿಯುವ ಗಾಳಿಯ ಕೊರೆತ, ಸೊನ್ನೆಯ ಕೆಳಗೆ ಹದಿನೆಂಟು ಡಿಗ್ರಿಯ ಚಳಿಗೆ ಸಮನೆಂದು ಲೆಕ್ಕ. ರೆಪ್ಪೆಯ ಮೇಲೂ ಮೀಸೆಯ ಮೇಲೂ ಹಿಮಮಣಿಗಳು ಕಟ್ಟುವುದು ನಿಜ. ಆದರೆ ಪೆಡಲ್ ತುಳಿಯುವ ದೇಹವೆಂಬುದು ತಾನೇ ಒಂದು ಒಲೆ. ಹತ್ತು ನಿಮಿಷ ತುಳಿಯುವಷ್ಟರಲ್ಲಿ ಒಳಗೆ ಸೆಕೆಯೇಳುತ್ತದೆ. ಆದ್ದರಿಂದ ಅನುಭವಸ್ಥರು ಮನೆಯ ಹೊಸಿಲು ದಾಟುವಾಗ ಕೊಂಚ ಚಳಿಯೆನಿಸುವಷ್ಟೇ ಬಟ್ಟೆ ತೊಡುವರು. ಕಂಬಳಿ ಸುತ್ತಿಕೊಂಡಂತೆ ಹೊರಟವನು ಬೆವರಿ, ದೀಪಸ್ತಂಭದ ಬಳಿ ಒಂದು ಗಳಿಗೆ ನಿಂತನೆಂದರೆ, ಆ ಬೆವರೇ ಅವನನ್ನು ನಡುಗಿಸುತ್ತದೆ. ಸಂಕಟಪಡುವುದು ಬೆರಳುಗಳು ಮಾತ್ರ. ಅದಕ್ಕಾಗಿ ಹ್ಯಾಂಡಲಿಗೇ ದಪ್ಪ ಚೀಲಗಳನ್ನು ಕಟ್ಟಿ, ಕೈಗಳನ್ನು ಅದರೊಳಗೆ ತೂರಿಸಿಕೊಂಡು ಹೋಗುವವರುಂಟು.

ಮನುಷ್ಯನಿಗಿಂತ ಯಂತ್ರದ ಆರೈಕೆ ಕಷ್ಟ. ರಾತ್ರಿ ಬೈಸಿಕಲ್ಲನ್ನು ಬೆಚ್ಚನೆಯ ಮನೆಯೊಳಗೆ ತಂದಿಟ್ಟರೆ ಅದಕ್ಕೆ ಉಪಕಾರ ಮಾಡಿದಂತಲ್ಲವೆ? ಅಲ್ಲ! ತಣ್ಣಗಿರುವ ಲೋಹದ ಮೇಲೆ ಕೋಣೆಯ ಗಾಳಿಯ ತೇವ ಹನಿಗಟ್ಟಿ, ಮೈಗೆ ಹತ್ತಿದ್ದ ಹಿಮವೂ ಕರಗಿ, ಬ್ರೇಕಿನ ತಂತಿಯ ಕೊಳವೆಯೊಳಕ್ಕೂ ಬೀಗದೊಳಕ್ಕೂ ಇಳಿಯುತ್ತದೆ. ಬೆಳಗ್ಗೆ ಹೊರಕ್ಕೆ ತಂದೊಡನೆ ಆ ನೀರು ಗಡ್ಡೆಯಾಗುತ್ತದೆ. ಬ್ರೇಕು ಹಿಡಿಯದು, ಬೀಗ ತೆರೆಯದು. ಹಿಂಚಕ್ರದ ಗುಂಬದಲ್ಲಿರುವ ಗ್ರೀಸು ಗಟ್ಟಿಯಾದರೆ ಪೆಡಲ್ ಬರಿದೇ ತಿರುಗಿ ಚಕ್ರ ಕದಲದಿರುವುದೂ ಉಂಟು. ಅದಕ್ಕೇ ಚಳಿಗಾಲದ ಸೈಕಲ್ಲನ್ನು ಮಾಡಿನ ಕೆಳಗೆ, ಆದರೆ ಚಳಿಯಲ್ಲಿಯೇ, ನಿಲ್ಲಿಸುವುದು ಅಲ್ಲಿನ ಪದ್ಧತಿ.

ಇವೆಲ್ಲ ಸಣ್ಣ ತಾಪತ್ರಯಗಳು. ಸವಾರನನ್ನು ನಿಜವಾಗಿ ಹೆದರಿಸುವುದು ನೆಲ. ಬೈಸಿಕಲ್ಲು ನೆಟ್ಟಗೆ ನಿಲ್ಲುವುದೇ ಮುಂಚಕ್ರವನ್ನು ಕ್ಷಣಕ್ಷಣಕ್ಕೂ ಸೂಕ್ಷ್ಮವಾಗಿ ಅತ್ತಿತ್ತ ತಿರುಗಿಸಿ, ಭಾರದ ಅಡಿಗೆ ತಂದುಕೊಳ್ಳುವುದರಿಂದ. ಮುಂಚಕ್ರ ಜಾರಿತೆಂದರೆ ಆ ಉಪಾಯ ಮುಗಿಯಿತು. ಸವಾರನಿಗೆ ತಿಳಿಯುವ ಮುನ್ನವೇ ಅವನು ನೆಲದ ಮೇಲಿರುತ್ತಾನೆ. ಮಂಜುಗಡ್ಡೆಯೇಕೆ ಜಾರುತ್ತದೆ ಎಂಬ ಪ್ರಶ್ನೆಯೂ ಸುಲಭದ್ದಲ್ಲ. ಒತ್ತಡಕ್ಕೆ ಅದು ಕರಗುವುದರಿಂದ ಎಂದು ಶಾಲೆಯ ಪುಸ್ತಕಗಳು ಬಹುಕಾಲ ಹೇಳಿಕೊಟ್ಟವು. ಆದರೆ ಮನುಷ್ಯನ ಭಾರಕ್ಕೆ ಉಂಟಾಗುವ ಕರಗುವಿಕೆ ಬಹಳ ಅಲ್ಪ. ಗಡ್ಡೆಯ ಮೈಮೇಲೆ, ಸೊನ್ನೆಗಿಂತ ಕೆಳಗೂ, ನೀರಿನಂತೆ ವರ್ತಿಸುವ ಅತಿ ತೆಳುವಾದ ಪೊರೆಯೊಂದು ಇರುತ್ತದೆಂದು ಮೈಕೇಲ್ ಫ್ಯಾರಡೆ ೧೮೫೦ರಲ್ಲಿಯೇ ಊಹಿಸಿದ್ದನು. ಈಚಿನ ವಿಜ್ಞಾನಿಗಳ ಒಲವು ಅವನ ಕಡೆಗೇ ಇದೆ. ಚಳಿ ಹೆಚ್ಚಿದಂತೆ ಆ ಪೊರೆ ಕ್ಷೀಣಿಸುತ್ತದೆ. ಸೊನ್ನೆಯ ಕೆಳಗೆ ಇಪ್ಪತ್ತು ಡಿಗ್ರಿಯಲ್ಲಿ ತುಳಿದು ಗಟ್ಟಿಯಾದ ಹಿಮ ಒಣ ಮರಳಿನಂತೆ ಕರಕರನೆ ಸದ್ದು ಮಾಡುತ್ತ ಚಕ್ರಕ್ಕೆ ಹಿಡಿತ ಕೊಡುತ್ತದೆ. ಘಾತಕವಾದದ್ದು ಸೊನ್ನೆಯ ಆಚೀಚೆ ತೂಗಾಡುವ ಹವೆ: ಹಗಲು ಕರಗಿದ ನೀರು ರಾತ್ರಿ ಕನ್ನಡಿಯಾಗಿ ಹೆಪ್ಪುಗಟ್ಟಿ, ಅದರ ಮೇಲೆ ಮರುದಿನ ಸಣ್ಣ ಮಳೆ ಬಿದ್ದರಂತೂ ಕಾಲಿಟ್ಟವನನ್ನು ಕಾಪಾಡುವವರಿಲ್ಲ. ಹೀಗಾಗಿ ಜಾರುವ ಮಟ್ಟಿಗೆ ಔಲುವಿನ ಕಡುಚಳಿಗಿಂತ ಕೋಪನ್‌ಹೇಗನ್ನಿನ ಸೌಮ್ಯವಾದ ಚಳಿಗಾಲವೇ ಹೆಚ್ಚು ಕಪಟಿ.

ಸವಾರನು ತನ್ನ ಕೈಲಾದದ್ದನ್ನು ಮಾಡಿಕೊಳ್ಳುತ್ತಾನೆ. ನೂರರಿಂದ ಮುನ್ನೂರರವರೆಗೆ ಪುಟ್ಟ ಮೊಳೆಗಳನ್ನು ಕೂರಿಸಿದ ಟೈರುಗಳು ಅಲ್ಲಿನ ಅಂಗಡಿಗಳಲ್ಲಿ ದೊರೆಯುತ್ತವೆ. ಮೊಳೆಯ ತುದಿ ಟಂಗ್‌ಸ್ಟನ್ ಕಾರ್ಬೈಡಿನದು. ಬರಿಯ ಉಕ್ಕಾಗಿದ್ದರೆ ಡಾಂಬರಿಗೆ ಉಜ್ಜಿ ಬೇಗನೆ ಸವೆದುಹೋದೀತು. ಎರಡಕ್ಕೂ ಹಣ ಸಾಲದವನು ಮುಂಚಕ್ರಕ್ಕಾದರೂ ಮೊಳೆಯ ಟೈರು ಹಾಕಿಸಬೇಕೆಂಬುದು ಹಳಬರ ಬುದ್ಧಿವಾದ. ಹಿಂಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು. ಇನ್ನು ಟೈರಿನ ಗಾಳಿ ಕೊಂಚ ಇಳಿಸುವುದು, ಸೀಟು ತಗ್ಗಿಸುವುದು, ಗಡ್ಡೆಯ ಮೇಲೆ ಹ್ಯಾಂಡಲ್ ತಿರುಗಿಸದೆ ಮುಂಬ್ರೇಕು ಮುಟ್ಟದೆ ನೇರವಾಗಿ ದಾಟುವುದು, ಇಷ್ಟನ್ನು ಮಕ್ಕಳೂ ಬಲ್ಲರು.

ಆದರೆ ಮೊಣಕಾಲುದ್ದ ಹಿಮದಲ್ಲಿ ಮೊಳೆಯೇನು ಮಾಡೀತು? ಇಲ್ಲಿಂದ ಮುಂದಿನದು ನಗರಸಭೆಯ ಹೊಣೆ. ಊರೂರಿನ ಉಪಾಯ ಬೇರೆ ಬೇರೆ. ಹವೆಗೆ ತಕ್ಕ ಹದ. ಔಲುವಿನಲ್ಲಿ ಸೈಕಲ್ ಹಾದಿಗಳಿಗೆ ಉಪ್ಪು ಚೆಲ್ಲುವ ರೂಢಿಯಿಲ್ಲ. ಸೊನ್ನೆಯ ಕೆಳಗೆ ಏಳೆಂಟು ಡಿಗ್ರಿ ದಾಟಿದ ಮೇಲೆ ಉಪ್ಪಿನ ಕೆಲಸ ತೀರ ಮಂದವಾಗುತ್ತದೆ. ಅರೆಕರಗಿದ ಕೆಸರಷ್ಟೇ ಲಾಭ. ಆದ್ದರಿಂದ ಅವರು ಹಿಮವನ್ನು ಹಿಮವಾಗಿಯೇ ಉಳಿಸಿ, ಹಲ್ಲುಗಳಿರುವ ಅಲಗಿನ ಯಂತ್ರದಿಂದ ಹೆರೆದು, ಮೇಲ್ಮೈಯಲ್ಲಿ ಗೀರುಗೀರಾದ ಒರಟುತನ ಮೂಡಿಸಿ, ಬೇಕಾದಲ್ಲಿ ಜಲ್ಲಿಹರಳು ಎರಚುವರು. ಕಾರುಗಳ ರಸ್ತೆಯಿಂದ ಬೇರ್ಪಟ್ಟ ಒಂಬೈನೂರು ಕಿಲೋಮೀಟರಿನಷ್ಟು ಹಾದಿ, ಹೆದ್ದಾರಿಗಳ ಅಡಿಯಿಂದ ನುಸುಳುವ ಕೆಳದಾರಿಗಳು, ಉದ್ದಕ್ಕೂ ದೀಪಗಳು: ಇವನ್ನೆಲ್ಲ ಅವರು ಹಲವು ದಶಕಗಳಿಂದ ಕಟ್ಟಿಕೊಂಡು ಬಂದಿದ್ದಾರೆ. ಮುಖ್ಯ ಹಾದಿಗಳ ಹಿಮ ತೆಗೆಯುವ ಕೆಲಸ ಜನ ಕಚೇರಿಗೆ ಹೊರಡುವ ಮುನ್ನವೇ ಮುಗಿದಿರಬೇಕು. ಚಳಿಗಾಲದ ಸೈಕಲ್ ಸವಾರಿಗಾಗಿಯೇ ಏರ್ಪಟ್ಟ ಮೊಟ್ಟಮೊದಲ ಅಂತರರಾಷ್ಟ್ರೀಯ ಸಮ್ಮೇಳನ ೨೦೧೩ರಲ್ಲಿ ಈ ಊರಿನಲ್ಲಿಯೇ ನೆರೆಯಿತು.

ಸ್ವೀಡನ್ನಿನ ಲಿನ್‌ಶೋಪಿಂಗ್ ನಗರದ್ದು ಇನ್ನೊಂದು ದಾರಿ. ಅಲ್ಲಿ ಹಿಮ ಕಡಿಮೆ, ಕರಗಿ ಹೆಪ್ಪುಗಟ್ಟುವ ಕಾಟ ಹೆಚ್ಚು. ಯಂತ್ರದ ಮುಂದೆ ಗರಗರನೆ ತಿರುಗುವ ದೊಡ್ಡ ಪೊರಕೆ, ಹಿಂದೆ ಉಪ್ಪುನೀರಿನ ತೊಟ್ಟಿ. ಮೊದಲು ಗುಡಿಸಿ ನೆಲ ಕಾಣಿಸಿದ ಮೇಲೆ ತೆಳುವಾಗಿ ಸಿಂಪಡಿಸುವುದರಿಂದ ಕೊಂಚವೇ ಉಪ್ಪು ಸಾಕಾಗುತ್ತದೆ. ಸೈಕಲ್ಲಿನ ಸರಪಳಿಗೆ ಮಾತ್ರ ಈ ಉಪ್ಪು ಯಮದೂತ. ವಸಂತದ ಹೊತ್ತಿಗೆ ಅದನ್ನು ಬದಲಾಯಿಸುವ ಖರ್ಚಿಗೆ ಸವಾರರು ಸಿದ್ಧರಾಗಿರಬೇಕು. ಇದೇ ನಗರದಲ್ಲಿಯೂ ಉತ್ತರದ ಲುಲಿಯೋದಲ್ಲಿಯೂ ನೌಕರರನ್ನು ವಿಚಾರಿಸಿ ಅನ್ನಾ ಬೆರ್ಗ್‌ಸ್ಟ್ರೋಮ್ ಎಂಬ ಸಂಶೋಧಕಿಯೂ ಆಕೆಯ ಸಹೋದ್ಯೋಗಿಯೂ ೨೦೦೩ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು: ಚಳಿಗಾಲದ ಹಾದಿಗಳ ನಿರ್ವಹಣೆ ಸುಧಾರಿಸಿದರೆ ಸೈಕಲ್ ಪ್ರಯಾಣ ನೂರಕ್ಕೆ ಹದಿನೆಂಟರಷ್ಟು ಏರಬಹುದು, ಕಾರಿನ ಪ್ರಯಾಣ ನೂರಕ್ಕೆ ಆರರಷ್ಟು ಇಳಿಯಬಹುದು. ಹವೆಯನ್ನು ಬದಲಿಸಲಾಗದು, ನಿಜ. ಪೊರಕೆಯನ್ನು ಕೊಳ್ಳಬಹುದಷ್ಟೆ!

ಪೊರಕೆ ಕೊಂಡರೂ ಅದು ಮೊದಲು ಯಾರ ಬೀದಿಗೆ ಬರಬೇಕು? ಮುಂಜಾನೆ ನಾಲ್ಕಕ್ಕೆ ಯಂತ್ರಗಳು ಹೊರಡುವಾಗ ಊರನ್ನೆಲ್ಲ ಒಂದೇ ಗಳಿಗೆಯಲ್ಲಿ ಗುಡಿಸಲಾಗದು, ಸರದಿ ಇಟ್ಟುಕೊಳ್ಳಲೇಬೇಕು. ಕಾರುಗಳ ಹೆದ್ದಾರಿ ಮೊದಲು, ಕಾಲುಹಾದಿ ಮತ್ತು ಸೈಕಲ್ ಹಾದಿ ಕಡೆಗೆ, ಎಂಬುದು ಬಹುತೇಕ ಊರುಗಳಲ್ಲಿ ಯಾರೂ ಪ್ರಶ್ನಿಸದೆ ನಡೆದುಬಂದ ಸರದಿ. ಸ್ವೀಡನ್ನಿನ ಕಾರ್ಲ್‌ಸ್ಕೂಗ ಎಂಬ ಸಣ್ಣ ನಗರದವರು ೨೦೧೧ರಲ್ಲಿ ತಮ್ಮ ಎಲ್ಲ ಕೆಲಸಗಳನ್ನೂ ಸ್ತ್ರೀಪುರುಷರಿಬ್ಬರ ದೃಷ್ಟಿಯಿಂದ ಪರಿಶೀಲಿಸಲು ಕುಳಿತರು. ಹಿಮ ತೆಗೆಯುವುದರಲ್ಲಾದರೂ ಈ ಗೋಜಿಲ್ಲವಲ್ಲ ಎಂದು ಅಧಿಕಾರಿಯೊಬ್ಬರು ಹಾಸ್ಯ ಮಾಡಿದರಂತೆ. ಆ ಹಾಸ್ಯವೇ ಅವರನ್ನು ಯೋಚನೆಗೆ ಹಚ್ಚಿತು. ಕಾರು ನಡೆಸುವವರಲ್ಲಿ ಗಂಡಸರು ಹೆಚ್ಚು. ನಡೆದೋ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಹೋಗುವವರಲ್ಲಿ ಹೆಂಗಸರು ಹೆಚ್ಚು. ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು ಕೆಲಸಕ್ಕೆ ಓಡುವವರೂ ಅವರೇ. ಗೇಣುದ್ದ ಹಿಮವನ್ನು ಕಾರು ಹೇಗೋ ಸೀಳಿಕೊಂಡು ಹೋದೀತು. ಅದೇ ಹಿಮದಲ್ಲಿ ಮಗುವಿನ ತಳ್ಳುಗಾಡಿಯನ್ನಾಗಲಿ ಬೈಸಿಕಲ್ಲನ್ನಾಗಲಿ ನೂಕುವುದು ಎಂಥ ಶಿಕ್ಷೆ! ಜಾರಿಬಿದ್ದು ಕೈಕಾಲು ಮುರಿದುಕೊಂಡು ಆಸ್ಪತ್ರೆ ಸೇರುವವರಲ್ಲಿಯೂ ಕಾರಿನವರಿಗಿಂತ ಕಾಲ್ನಡಿಗೆಯವರೇ ಅಧಿಕ, ಅವರಲ್ಲಿ ಹೆಂಗಸರೇ ಅಧಿಕ. ನಗರಸಭೆಯವರು ಸರದಿಯನ್ನು ತಲೆಕೆಳಗು ಮಾಡಿದರು: ಶಿಶುವಿಹಾರಗಳ ಸುತ್ತಣ ದಾರಿಗಳೂ ಕಾಲುಹಾದಿ, ಸೈಕಲ್ ಹಾದಿಗಳೂ ಮೊದಲು, ದೊಡ್ಡ ರಸ್ತೆ ಆಮೇಲೆ. ಅದೇ ಯಂತ್ರ, ಅದೇ ಜನ. ಬೊಕ್ಕಸಕ್ಕೆ ಹೊಸ ಭಾರವೇನೂ ಬೀಳಲಿಲ್ಲ.

ಇದನ್ನೇ ರಾಜಧಾನಿ ಸ್ಟಾಕ್‌ಹೋಮ್ ಅನುಸರಿಸಹೊರಟಾಗ ದೈವ ಒಲಿಯಲಿಲ್ಲ. ೨೦೧೬ರ ನವೆಂಬರಿನಲ್ಲಿ, ಆ ತಿಂಗಳಲ್ಲಿ ನೂರು ವರ್ಷಗಳಿಗೂ ಮೇಲ್ಪಟ್ಟು ಕಾಣದಷ್ಟು ಹಿಮ ಒಮ್ಮೆಗೇ ಸುರಿಯಿತು. ಬಸ್ಸುಗಳು ನಿಂತವು, ಕಾಲುಹಾದಿಗಳೂ ಹೂತುಹೋದವು. ಹೊಸ ಸರದಿಯೇ ಅನರ್ಥಕ್ಕೆಲ್ಲ ಮೂಲವೆಂದು ಪತ್ರಿಕೆಗಳಲ್ಲಿ ಗೇಲಿಯ ಸುರಿಮಳೆಯಾಯಿತು. ಅಷ್ಟು ಹಿಮದ ಮುಂದೆ ಹಳೆಯ ಸರದಿಯಾದರೂ ಗೆಲ್ಲುತ್ತಿತ್ತೆಂದು ಹೇಳಲು ಬಲವಾದ ಧೈರ್ಯ ಬೇಕು. ಕೋಪನ್‌ಹೇಗನ್ನಿನಲ್ಲಾದರೋ ಈ ವಾದವೇ ಏಳುವುದಿಲ್ಲ. ಸೈಕಲ್ ಹಾದಿಗಳನ್ನು ಮೊದಲು ಗುಡಿಸುವುದು ಅಲ್ಲಿ ಹಳೆಯ ಸಂಪ್ರದಾಯ. ಬೇಸಗೆಯ ಸವಾರರಲ್ಲಿ ನಾಲ್ವರಲ್ಲಿ ಮೂವರು ಚಳಿಗಾಲದಲ್ಲಿಯೂ ಸವಾರಿ ಬಿಡುವುದಿಲ್ಲವೆಂದು ಆ ನಗರ ಹೇಳಿಕೊಳ್ಳುತ್ತದೆ.

ಹೀಗೆಂದ ಮಾತ್ರಕ್ಕೆ ಅಲ್ಲಿ ಯಾರೂ ಬೀಳುವುದಿಲ್ಲವೆಂದಲ್ಲ. ಯಂತ್ರ ಬರುವುದಕ್ಕೆ ಮುಂಚಿನ ನಸುಕಿನಲ್ಲಿ, ಹೊಸ ಹಿಮದ ಕೆಳಗೆ ಅಡಗಿದ ಹಳೆಯ ಗಡ್ಡೆಯ ಮೇಲೆ, ನುರಿತವರೂ ಬೀಳುವರು. ಇಳಿವಯಸ್ಸಿನವರಿಗೆ ಸೊಂಟದ ಮೂಳೆಯ ಭಯ. ಬಿರುಗಾಳಿಯ ದಿನ ಸೈಕಲ್ಲನ್ನು ಮಾಡಿನಡಿಯಲ್ಲಿಯೇ ಬಿಟ್ಟು ಬಸ್ಸು ಹಿಡಿಯುವುದನ್ನು ಔಲುವಿನಲ್ಲಿ ಯಾರೂ ಅವಮಾನವೆಂದು ಎಣಿಸುವುದಿಲ್ಲ.

ಏಪ್ರಿಲಿನಲ್ಲಿ ಬಿಸಿಲೇರಿದಾಗ ಐದು ತಿಂಗಳು ಹಾಸಿದ್ದ ಬಿಳಿಯ ಪದರ ಕರಗಿ ಡಾಂಬರು ಮೇಲೆ ಬರುತ್ತದೆ. ಆಗ ಮೊಳೆಯ ಟೈರುಗಳು ನೆಲಕ್ಕೆ ತಾಗಿ ಹುರಿಗಡಲೆ ಸಿಡಿದಂತೆ ಚಟಪಟಗುಟ್ಟುತ್ತ ಬೀದಿಯೆಲ್ಲ ಸದ್ದು. ಒಂದು ಭಾನುವಾರ ಅವನ್ನು ಕಳಚಿ, ತೊಳೆದು, ಮುಂದಿನ ನವೆಂಬರಿಗೆಂದು ನೆಲಮಾಳಿಗೆಯಲ್ಲಿ ತೂಗುಹಾಕುವರು. ಅಷ್ಟಕ್ಕೆ ನಿಶ್ಚಿಂತರಾಗುವಂತಿಲ್ಲ. ಚಳಿಗಾಲವೆಲ್ಲ ಎರಚಿದ ಜಲ್ಲಿಹರಳು ಈಗ ಬರಿನೆಲದ ಮೇಲೆ ಗೋಲಿಗಳಂತೆ ಉರುಳುತ್ತಿರುತ್ತದೆ. ಗುಡಿಸುವ ಯಂತ್ರ ಆ ಬೀದಿಗೆ ಬರುವ ತನಕ ತಿರುವುಗಳಲ್ಲಿ ಸವಾರರು ಮತ್ತೆ ಜನವರಿಯ ಹಾಗೆಯೇ, ಬ್ರೇಕು ಮುಟ್ಟದೆ, ಮೆಲ್ಲಗೆ ಹಾಯುವರು.