ಕಡಲು ಸುತ್ತಿ ಪಕ್ವವಾದ ಮದೀರಾ

ಮದೀರಾ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರಿಗೆ ಕಾವ್ಯಗಳ ‘ಮದಿರೆ’ ನೆನಪಾದರೆ ಸೋಜಿಗವಿಲ್ಲ. ಆದರೆ ಈ ಎರಡು ಶಬ್ದಗಳಿಗೆ ಯಾವ ನಂಟೂ ಇಲ್ಲ. ಪೋರ್ತುಗೀಸ್ ಭಾಷೆಯಲ್ಲಿ ಮದೀರಾ ಎಂದರೆ ಮರ. ಆಫ್ರಿಕದ ವಾಯವ್ಯ ತೀರದಾಚೆ, ಅಟ್ಲಾಂಟಿಕ್ ಸಾಗರದಲ್ಲಿ, ದಟ್ಟವಾದ ಕಾಡು ಕವಿದಿದ್ದ ಪರ್ವತಮಯ ದ್ವೀಪವೊಂದನ್ನು 1419ರ ಸುಮಾರಿಗೆ ಕಂಡ ಪೋರ್ತುಗೀಸ್ ನಾವಿಕರು ಅದಕ್ಕಿಟ್ಟ ಹೆಸರು ಅದು. ಕಾಡನ್ನು ಸವರಿ ಅವರು ಕಬ್ಬು ಬೆಳೆದರು, ದ್ರಾಕ್ಷಿಯನ್ನೂ ನೆಟ್ಟರು. ಕಾಲಕ್ರಮದಲ್ಲಿ ದ್ವೀಪದ ಹೆಸರೇ ಅಲ್ಲಿನ ದ್ರಾಕ್ಷಾಸವಕ್ಕೂ ನಿಂತಿತು.

ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಫಾಲ್‌ಸ್ಟಾಫನು ಒಂದು ಬಟ್ಟಲು ಮದೀರಾಕ್ಕೂ ಒಂದು ಕೋಳಿಯ ಕಾಲಿಗೂ ತನ್ನ ಆತ್ಮವನ್ನೇ ಸೈತಾನನಿಗೆ ಮಾರಿದನೆಂದು ಗೆಳೆಯರು ಹಾಸ್ಯ ಮಾಡುತ್ತಾರೆ. ಆ ಹೆನ್ರಿ ದೊರೆ ತೀರಿಕೊಂಡದ್ದು 1413ರಲ್ಲಿ. ಆಗ ದ್ವೀಪದಲ್ಲಿ ನರಪಿಳ್ಳೆಯೂ ನೆಲೆಸಿರಲಿಲ್ಲ! ಮಹಾಕವಿಗೆ ಇಷ್ಟು ಸ್ವಾತಂತ್ರ್ಯ ಸಲ್ಲಬೇಕಾದುದೇ.

ಬಹುಪಾಲು ದ್ರಾಕ್ಷಾಸವಗಳಿಗೆ ಶಾಖವೆಂದರೆ ಶತ್ರು, ಗಾಳಿಯೆಂದರೆ ಮೃತ್ಯು. ಮದೀರಾಕ್ಕೆ ಅವೇ ದಾದಿಯರು. ಯುರೋಪಿನಿಂದ ಅಮೆರಿಕಕ್ಕೂ, ಆಫ್ರಿಕವನ್ನು ಬಳಸಿಕೊಂಡು ಭಾರತಕ್ಕೂ ಹೊರಟ ಹಡಗುಗಳು ಇಲ್ಲಿನ ಫುಂಚಾಲ್ ಬಂದರಿನಲ್ಲಿ ತಂಗಿ, ನೀರಿನ ಜೊತೆಗೆ ಮದ್ಯದ ಪೀಪಾಯಿಗಳನ್ನೂ ಏರಿಸಿಕೊಳ್ಳುತ್ತಿದ್ದವು. (ಕನ್ನಡದ ‘ಪೀಪಾಯಿ’ಯೂ ಪೋರ್ತುಗೀಸರಿಂದ ಬಂದ ಮಾತೇ.) ಹಡಗಿನ ತಳದಲ್ಲಿ ತಿಂಗಳುಗಟ್ಟಲೆ ಉಷ್ಣವಲಯದ ಸೆಕೆಗೆ ಬೆಂದು, ಅಲೆಗಳ ಹೊಯ್ದಾಟಕ್ಕೆ ಕುಲುಕಿ, ಮಾರಾಟವಾಗದೆ ಮರಳಿದ ಪೀಪಾಯಿಯೊಂದನ್ನು ತೆರೆದಾಗ ಒಳಗಿನ ರಸ ಹಾಳಾಗಿರುವ ಬದಲು ಮೊದಲಿಗಿಂತಲೂ ಸೊಗಸಾಗಿತ್ತೆಂದು ದ್ವೀಪದವರು ಕಥೆ ಹೇಳುತ್ತಾರೆ. ಅಲ್ಲಿಂದ ಮುಂದೆ ವರ್ತಕರು ಬೇಕೆಂದೇ ಪೀಪಾಯಿಗಳನ್ನು ಸಮುದ್ರಯಾನಕ್ಕೆ ಕಳುಹಿಸಿದರು. ಭಾರತದವರೆಗೆ ಹೋಗಿ ಬಂದ ಮದೀರಾಕ್ಕೆ ಲಂಡನ್ನಿನಲ್ಲಿ ವಿಶೇಷ ಬೆಲೆ.

ದೂರಪ್ರಯಾಣದಲ್ಲಿ ಕೆಡದಿರಲೆಂದು ಮದ್ಯಸಾರವನ್ನು ಬೆರೆಸುವ ಪದ್ಧತಿ 18ನೆಯ ಶತಮಾನದಲ್ಲಿ ನೆಲೆಯೂರಿತು. ಇದರ ಮರ್ಮ ಸರಳವಾದುದು. ಹಿಂಡಿದ ರಸ ಹುದುಗೇಳುವಾಗ ಯೀಸ್ಟ್ ಅದರೊಳಗಿನ ಸಕ್ಕರೆಯನ್ನು ಮದ್ಯವಾಗಿ ಮಾರ್ಪಡಿಸುತ್ತದೆ. ಸಕ್ಕರೆ ತೀರುವ ಮುನ್ನವೇ ದ್ರಾಕ್ಷಿಯಿಂದ ಬಟ್ಟಿಯಿಳಿಸಿದ ತೀಕ್ಷ್ಣ ಮದ್ಯಸಾರವನ್ನು ಸುರಿದರೆ ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ. ಮಾಲ್ವಾಸಿಯ ಎಂಬ ಬಿಳಿಯ ದ್ರಾಕ್ಷಿಯ ರಸಕ್ಕೆ ಅದನ್ನು ಬೇಗನೆ ಬೆರೆಸುವುದರಿಂದ ಅದು ಅತ್ಯಂತ ಸಿಹಿ. ಸೆರ್ಸಿಯಾಲ್ ತಳಿಗೆ ತಡವಾಗಿ ಬೆರೆಸುವುದರಿಂದ ಅದರಲ್ಲಿ ಸಿಹಿ ಅತ್ಯಲ್ಪ. ಹಡಗಿನ ಕೆಲಸವನ್ನು ಈಗ ಒಲೆ ಮಾಡುತ್ತದೆ: ಸಾಮಾನ್ಯ ದರ್ಜೆಯ ಮದೀರಾವನ್ನು ತೊಟ್ಟಿಗಳಲ್ಲಿ 45ರಿಂದ 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂರು ತಿಂಗಳಾದರೂ ಇಡುತ್ತಾರೆ. ಉತ್ತಮವಾದುದಕ್ಕೆ ಈ ಅವಸರವಿಲ್ಲ. ಬಿಸಿಲಿಗೆ ಕಾಯುವ ಅಟ್ಟಗಳ ಮೇಲೆ, ಮರದ ಪೀಪಾಯಿಗಳಲ್ಲಿ, ಅದು ವರ್ಷಗಟ್ಟಲೆ ಮಲಗಿ ಬಿಳಿಯ ಬಣ್ಣವನ್ನು ಬಿಟ್ಟು ಹೊಂಗಂದು ಬಣ್ಣಕ್ಕೆ ತಿರುಗುತ್ತದೆ.

ಶಾಖಕ್ಕೂ ಕಡಲಿಗೂ ಅಂಜದ ಈ ಆಸವವನ್ನು ಕಣ್ಣಿಗೆ ಕಾಣದ ಜೀವಿಗಳು ಹಣ್ಣುಮಾಡಿಬಿಟ್ಟವು. 1851–52ರಲ್ಲಿ ಬೂದಿರೋಗ ಬಳ್ಳಿಗಳನ್ನು ಕವಿಯಿತು. ಗಂಧಕದ ಪುಡಿ ಎರಚಿ ಅದನ್ನು ತಡೆದು ಚೇತರಿಸಿಕೊಳ್ಳುವಷ್ಟರಲ್ಲಿ, 1872ರಲ್ಲಿ, ಬೇರನ್ನು ಹೀರುವ ಫಿಲ್ಲಾಕ್ಸೆರಾ ಕೀಟ ಬಂದಿಳಿಯಿತು. ನಡುವೆ 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಭಾರತದ ಹಡಗುಗಳು ಬೇರೆ ದಾರಿ ಹಿಡಿದಿದ್ದವು. ವರ್ತಕರು ದ್ವೀಪವನ್ನು ತೊರೆದರು. ಎಷ್ಟೋ ರೈತರು ಬಳ್ಳಿ ಕಿತ್ತು ಮತ್ತೆ ಕಬ್ಬು ನೆಟ್ಟರು. 1917ರ ಕ್ರಾಂತಿಯಿಂದ ರಷ್ಯದ ಗಿರಾಕಿಗಳೂ, 1920ರ ಪಾನನಿಷೇಧದಿಂದ ಅಮೆರಿಕದ ಗಿರಾಕಿಗಳೂ ಕೈಬಿಟ್ಟರು. ಅಮೆರಿಕದ ಬೇರಿಗೆ ಕಸಿಮಾಡಿ ಉಳಿಸಿಕೊಂಡ ಮಾಲ್ವಾಸಿಯ ಅಪರೂಪವಾಯಿತು. ಅದರ ಹೆಸರು ಮಾತ್ರ ಬೇರೆ ದ್ರಾಕ್ಷಿಯ ಸೀಸೆಗಳ ಮೇಲೆ ಧಾರಾಳವಾಗಿ ಮೆರೆಯಿತು. 1986ರಲ್ಲಿ ಪೋರ್ಚುಗಲ್ ಐರೋಪ್ಯ ಸಮುದಾಯವನ್ನು ಸೇರಿದ ಬಳಿಕವೇ, ಹೆಸರಿಸಿದ ತಳಿ ನೂರಕ್ಕೆ 85 ಪಾಲಾದರೂ ಇರಬೇಕೆಂಬ ಕಟ್ಟುಪಾಡು ಬಂದು ಆ ಮೋಸಕ್ಕೆ ತಡೆಯಾಯಿತು.

ಇನ್ನು ಭೋಜನದ ಮಾತು. ಬರಿಯ ಸಿಹಿ ಬೇಗ ಮೊಗಮೊತ್ತುತ್ತದೆ. ಮಾಲ್ವಾಸಿಯವನ್ನು ಕಾಪಾಡುವುದು ಅದರೊಳಗಿನ ಹುಳಿ. ಗೊಜ್ಜಿನ ಬೆಲ್ಲವನ್ನು ಹುಣಿಸೆ ಹದದಲ್ಲಿಡುವಂತೆ ಅದು ಸಿಹಿಯನ್ನು ಹಿಡಿದಿಡುತ್ತದೆ. ಆದುದರಿಂದಲೇ ಜಿಡ್ಡಿನ, ಉಪ್ಪಿನ ಹಳೆಯ ಚೀಸ್, ಆಕ್ರೋಟು, ಕಹಿಯಾದ ಚಾಕೊಲೇಟು ಇವೆಲ್ಲ ಅದಕ್ಕೆ ಒಗ್ಗುತ್ತವೆ. ಸೆರ್ಸಿಯಾಲ್ ಊಟದ ಆರಂಭಕ್ಕೆ, ಹುರಿದ ಬಾದಾಮಿಯೊಡನೆ ಸಲ್ಲುವಂಥದು. ಆದರೆ ಮಾಲ್ವಾಸಿಯದ ನಿಜವಾದ ಜೊತೆ ದ್ವೀಪದ್ದೇ ಆದ ‘ಬೋಲು ದ ಮೆಲ್’. ನಮ್ಮ ಜೋನಿಬೆಲ್ಲದಂಥ ಕಬ್ಬಿನ ಪಾಕ, ದಾಲ್ಚಿನ್ನಿ, ಲವಂಗ, ಬಾದಾಮಿ ಕೂಡಿಸಿ ಕ್ರಿಸ್‌ಮಸ್ಸಿಗೆಂದು ಬೇಯಿಸುವ ಕಪ್ಪು ಕೇಕು ಅದು. ಅದನ್ನು ಚಾಕುವಿನಿಂದ ಕೊಯ್ಯುವುದು ಸಂಪ್ರದಾಯವಲ್ಲ. ಕೈಯಿಂದಲೇ ಮುರಿದು ಹಂಚುತ್ತಾರೆ. ಬಿರಡೆ ತೆಗೆದ ಮದೀರಾ ತಿಂಗಳುಗಟ್ಟಲೆ ಕೆಡುವುದಿಲ್ಲವಾದ್ದರಿಂದ ಹಬ್ಬಕ್ಕೆ ತೆರೆದ ಸೀಸೆ ಈಸ್ಟರಿಗೂ ಒದಗೀತು, ಮನೆಮಂದಿ ಉಳಿಸಿದರೆ.