ಡ್ಯಾಶ್‌ಬೋರ್ಡಿನ ಕೆಳಗಿನ ತಂತಿ

‘ಜುರಾಸಿಕ್ ಪಾರ್ಕ್’ ಚಿತ್ರ ನೋಡಿದವರು ಆ ನೀರಿನ ಲೋಟವನ್ನು ಮರೆತಿರಲಾರರು. ಮಳೆಯ ರಾತ್ರಿ, ಕರೆಂಟ್ ಹೋಗಿ ನಿಂತ ಕಾರು. ಡೈನೊಸಾರ್ ಇನ್ನೂ ಕಣ್ಣಿಗೆ ಬಿದ್ದಿಲ್ಲ. ಡ್ಯಾಶ್‌ಬೋರ್ಡಿನ ಮೇಲಿಟ್ಟ ಲೋಟದ ನೀರಿನಲ್ಲಿ ಮಾತ್ರ ಒಂದರೊಳಗೊಂದು ವೃತ್ತಗಳೇಳುತ್ತವೆ. ಅಷ್ಟಕ್ಕೇ ಪ್ರೇಕ್ಷಕರ ಎದೆ ಝಲ್ಲೆನ್ನುತ್ತದೆ.

ಇದು ಕಂಪ್ಯೂಟರಿನ ಕೈಚಳಕವೆಂದು ತಿಳಿದವರುಂಟು. ಅಲ್ಲವೇ ಅಲ್ಲ. ನಿರ್ದೇಶಕ ಸ್ಪೀಲ್‌ಬರ್ಗ್ ಅವರಿಗೆ ಬೇಕಿದ್ದುದು ದುಂಡನೆಯ ಅಲೆ. ಕಾರನ್ನು ಅಲುಗಾಡಿಸಿದರೆ ನೀರು ತುಳುಕೀತು, ವೃತ್ತವಾಗದು. ಈ ಕೆಲಸ ವಹಿಸಿಕೊಂಡಿದ್ದ ಮೈಕೆಲ್ ಲ್ಯಾಂಟಿಯೇರಿ ತಲೆ ಕೆಡಿಸಿಕೊಂಡು, ಕಡೆಗೆ ಲೋಟವನ್ನು ಗಿಟಾರಿನ ಮೇಲಿಟ್ಟು ತಂತಿ ಮೀಟಿದರು. ವೃತ್ತ ಎದ್ದಿತು! ಚಿತ್ರೀಕರಣದಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ತಂತಿ ಬಿಗಿದು, ಒಬ್ಬರು ಅಡಿಯಲ್ಲಿ ಮಲಗಿ ಮೀಟಿದರು. ಪ್ರೌಢಶಾಲೆಯ ಕಂಪನದ ಪಾಠವೇ ಅಲ್ಲಿ ಕೆಲಸಕ್ಕೆ ಬಂದದ್ದು.

ಅದೇ ಚಿತ್ರದಲ್ಲಿ ಫಿಲ್ ಟಿಪೆಟ್ ಅವರದು ಬೇರೆಯೇ ಕಥೆ. ಬೊಂಬೆಗಳನ್ನು ಇಷ್ಟಿಷ್ಟೇ ಸರಿಸಿ ಜೀವ ತುಂಬುವುದರಲ್ಲಿ ಅವರು ಪಳಗಿದವರು. ಕಂಪ್ಯೂಟರ್ ಡೈನೊಸಾರ್ ಕಂಡಾಗ ತಮ್ಮ ವಿದ್ಯೆಯ ಕಾಲ ಮುಗಿಯಿತೆಂದುಕೊಂಡರು. ಆದರೆ ಪ್ರಾಣಿಯ ಭಾರ ಹೆಜ್ಜೆಯಲ್ಲಿ ಹೇಗೆ ಕಾಣಬೇಕು, ಅದು ಹೇಗೆ ತಿರುಗಬೇಕು ಎಂಬುದನ್ನು ಯಂತ್ರಕ್ಕೆ ಹೇಳುವವರು ಬೇಕಲ್ಲ? ಕೀಲುಗಳಲ್ಲಿ ಸಂವೇದಕಗಳಿದ್ದ ಲೋಹದ ಅಸ್ಥಿಪಂಜರವೊಂದು ಸಿದ್ಧವಾಯಿತು. ಬೊಂಬೆಯಾಟದ ಕೈಗಳು ಅದನ್ನು ಸರಿಸಿದಂತೆ ಕಂಪ್ಯೂಟರ್ ಬರೆದುಕೊಂಡಿತು. 1994ರಲ್ಲಿ ಚಿತ್ರಕ್ಕೆ ದೃಶ್ಯ ಪರಿಣಾಮಗಳ ಆಸ್ಕರ್ ಬಂದಾಗ ಪಡೆದ ನಾಲ್ವರಲ್ಲಿ ಟಿಪೆಟ್ ಒಬ್ಬರು, ತಂತಿಯ ಲ್ಯಾಂಟಿಯೇರಿ ಇನ್ನೊಬ್ಬರು.

ಈಗ ತಂತ್ರಾಂಶಗಳು ಇನ್ನೂ ಜಾಣವಾಗಿವೆ. ನಟನನ್ನು ಹಿನ್ನೆಲೆಯಿಂದ ಬೇರ್ಪಡಿಸಲು ಕಲಾವಿದರು ಒಂದೊಂದು ಫ್ರೇಮಿಗೂ ಗೆರೆ ಎಳೆಯುತ್ತಾ ದಿನಗಟ್ಟಲೆ ಕೂರುತ್ತಿದ್ದರು. ಅದರಲ್ಲಿ ಬಹುಪಾಲು ಇಂದು ಒಂದು ಕ್ಲಿಕ್ಕಿಗೆ ಆಗುತ್ತದೆ. ಆ ಬೇಸರದ ದುಡಿಮೆ ತಪ್ಪಿದ್ದಕ್ಕೆ ಯಾರೂ ಅಳಬೇಕಿಲ್ಲ. ಆದರೆ ಹೊಸಬರ ಕಣ್ಣು ಪಳಗುತ್ತಿದ್ದುದು ಅಲ್ಲಿಯೇ. ಗಾಳಿಗೆ ಹಾರುವ ಕೂದಲು, ಕನ್ನಡಕದ ಗಾಜಿನಲ್ಲಿ ಮೂಡುವ ಹಿನ್ನೆಲೆ ಎದುರಾದಾಗ ಕ್ಲಿಕ್ ತಡವರಿಸುತ್ತದೆ. ಎಡವಟ್ಟು ಎಲ್ಲಾಗಿದೆ ಎಂದು ಕಾಣದವನಿಗೆ ತಿದ್ದುವುದು ಹೇಗೆ ಗೊತ್ತಾದೀತು?

ಪಿಯುಸಿ ಮುಗಿದ ಮಕ್ಕಳನ್ನು ಇಂಥ ಕೋರ್ಸಿಗೆ ಸೇರಿಸಲು ಹೊರಟ ಪಾಲಕರ ಮೊದಲ ಪ್ರಶ್ನೆ, ಯಾವ ಸಾಫ್ಟ್‌ವೇರ್ ಕಲಿಸುತ್ತೀರಿ ಎಂಬುದು. ಅದು ಹೇಗೂ ನಾಲ್ಕು ವರ್ಷಕ್ಕೆ ಹಳತಾಗುತ್ತದೆ. ಚಿತ್ರ ಬರೆಸುತ್ತೀರಾ, ಕೈಗೆ ಕ್ಯಾಮೆರಾ ಕೊಟ್ಟು ಬೆಳಕು ನೋಡಿಸುತ್ತೀರಾ, ಉತ್ತರ ಮೊದಲೇ ಗೊತ್ತಿಲ್ಲದ ಒಂದಾದರೂ ಸಮಸ್ಯೆ ಕೊಡುತ್ತೀರಾ ಎಂದು ಶುಲ್ಕ ಕಟ್ಟುವ ಮುನ್ನ ಕೇಳಲಿ.

ವಿದ್ಯಾರ್ಥಿಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ಓಡುವಾಗ ಪಕ್ಕದಲ್ಲೊಂದು ಲೋಟ ನೀರಿಟ್ಟು ಮೊಬೈಲಿನಲ್ಲಿ ಚಿತ್ರೀಕರಿಸಬಹುದು. ವೃತ್ತ ಮೂಡುತ್ತದೆಯೋ, ಬರೀ ಕದಡುತ್ತದೆಯೋ? ಸ್ಟೀಲ್ ಲೋಟದ ಬದಲು ಪ್ಲಾಸ್ಟಿಕ್ ಲೋಟ ಇಟ್ಟರೆ? ನೀರು ಅರ್ಧಕ್ಕಿಳಿಸಿದರೆ?